ಮನೆ ಬದಲಾದಾಗ ವಿದ್ಯುತ್ತಿನ ಲೆಕ್ಕ

ಬಾಡಿಗೆ ಕರಾರಿನ ಹನ್ನೊಂದು ತಿಂಗಳು ಮುಗಿದು ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಹೊರಡುವ ಕುಟುಂಬವು ಪಾತ್ರೆ ಪಗಡೆಗಳನ್ನೆಲ್ಲ ಎಣಿಸಿಕೊಳ್ಳುತ್ತದೆ. ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ಮಾತ್ರ ಮರೆಯುತ್ತದೆ. ನಮ್ಮ ನಗರದ ಮನೆಗಳಿಗೆ ವಿದ್ಯುತ್ ಒದಗಿಸುವುದು ಬೆಸ್ಕಾಂ ಒಂದೇ. ಆದುದರಿಂದ ನಮಗಿರುವ ಆಯ್ಕೆ ಕಂಪನಿಯದಲ್ಲ, ಬಳಕೆಯದು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತವೆಂದು ಹಲವರು ಭಾವಿಸಿದ್ದಾರೆ. ಅದು ಹಾಗಲ್ಲ. 2022-23ರ ಮಾಸಿಕ ಸರಾಸರಿಗೆ ಶೇಕಡ 10 ಸೇರಿಸಿದಷ್ಟು ಮನೆಯ ಪಾಲು. 48 ಯೂನಿಟ್‌ಗಿಂತ ಕಡಮೆ ಬಳಸುತ್ತಿದ್ದವರಿಗೆ 2024ರಲ್ಲಿ 10 ಯೂನಿಟ್ ಹೆಚ್ಚುವರಿ ಎಂದಾಯಿತು. ಸರಾಸರಿ 100 ಇದ್ದ ಮನೆಗೆ 110 ಉಚಿತ. 130 ಬಳಸಿದರೆ 20ಕ್ಕೆ ಹಣ ಕೊಡಬೇಕು. 201 ಆದರೆ ನಿಗದಿತ ಶುಲ್ಕ ಸಹಿತ ಪೂರ್ಣ ಬಿಲ್ಲು!

ಮನೆ ಬಿಡುವಾಗ ಹಳೆಯ ಸಂಖ್ಯೆಯಿಂದ ಆಧಾರ್ ಜೋಡಣೆಯನ್ನು ಸೇವಾ ಸಿಂಧು ಮೂಲಕ ಬಿಡಿಸಿಕೊಳ್ಳುವ ಅವಕಾಶ 2024ರಲ್ಲಿ ದೊರೆಯಿತು. ಬಿಡಿಸಿದ ಬಳಿಕವೇ ಹೊಸ ಮನೆಯ ಸಂಖ್ಯೆಗೆ ನೋಂದಾಯಿಸತಕ್ಕದ್ದು. ಮುಂಗಡ ಕೊಡುವ ಮೊದಲೇ ಆ ಮನೆಯ ಹಿಂದಿನ ಬಿಲ್ಲನ್ನು ಕೇಳಿ, ಉಚಿತ ಯೂನಿಟ್‌ಗಳ ಪಾಲು, ಮಂಜೂರಾದ ಲೋಡು ಮತ್ತು ಬಾಕಿಯನ್ನು ನೋಡಿಕೊಳ್ಳೋಣ. ನಿಗದಿತ ಶುಲ್ಕ ಏರುವುದು ಲೋಡಿನ ಕಿಲೋವಾಟಿಗೆ ಅನುಗುಣವಾಗಿಯೇ.

ತಿಂಗಳ ನಡುವೆ ಒಮ್ಮೆ ಮೀಟರನ್ನು ಓದುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸೋಣ. ಮಿತವರಿತ ಮನೆಗೆ ಬಿಲ್ಲಿನ ಭಯವಿಲ್ಲ.