ನಿಂದನೆಯೇ ಏಣಿಯಾದಾಗ

2006ರ ಫೆಬ್ರವರಿ 15. ಇಟಲಿಯ ಸರಕಾರಿ ಟಿ.ವಿ.ಯ ಕಾರ್ಯಕ್ರಮವೊಂದರಲ್ಲಿ ಒಬ್ಬ ಸಚಿವರು ಕುಳಿತಿದ್ದಾರೆ. ಮಾತಿನ ನಡುವೆ ಅಂಗಿಯ ಗುಂಡಿಗಳನ್ನು ಬಿಚ್ಚುತ್ತಾರೆ. ಒಳಗೆ ತೊಟ್ಟಿದ್ದ ಟೀ ಶರ್ಟಿನ ಮೇಲೆ ಪ್ರವಾದಿ ಮುಹಮ್ಮದ್(ಸ)ರ ಕುರಿತ ವ್ಯಂಗ್ಯಚಿತ್ರ. ಡೆನ್ಮಾರ್ಕಿನ ಪತ್ರಿಕೆಯೊಂದು 2005ರ ಸೆಪ್ಟೆಂಬರ್‌ನಲ್ಲಿ ಹಚ್ಚಿದ ಬೆಂಕಿ ಇನ್ನೂ ಆರಿರದ ದಿನಗಳವು. ಆ ಬೆಂಕಿಗೆ ಎಣ್ಣೆ ಸುರಿದವರು ದಾರಿಹೋಕರಲ್ಲ. ಸಂವಿಧಾನದ ಮೇಲೆ ಪ್ರಮಾಣ ಮಾಡಿ ಅಧಿಕಾರ ವಹಿಸಿಕೊಂಡ ಸಚಿವರು. ಹೆಸರು ರಾಬರ್ಟೊ ಕಾಲ್ಡೆರೋಲಿ. ಖಾತೆ: ಸಾಂವಿಧಾನಿಕ ಸಂಸ್ಥೆಗಳ ಸುಧಾರಣೆ!

ಎರಡು ದಿನ ಕಳೆದು, ಫೆಬ್ರವರಿ 17ರ ಶುಕ್ರವಾರ, ಲಿಬಿಯಾದ ಬೆಂಗಾಝಿಯಲ್ಲಿ ಜನ ಇಟಲಿಯ ದೂತಾವಾಸದ ಮುಂದೆ ಸೇರಿದರು. ಕಟ್ಟಡಕ್ಕೆ ಬೆಂಕಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 10 ಮಂದಿ ಸತ್ತರು. ಸತ್ತವರು ಲಿಬಿಯನ್ನರು, ಕೊಂದ ಪೊಲೀಸರೂ ಲಿಬಿಯನ್ನರು. ಅಂಗಿ ಬಿಚ್ಚಿದವರು ಮಾತ್ರ ಸಮುದ್ರದಾಚೆ ಕ್ಷೇಮವಾಗಿದ್ದರು.

ಬೆಂಗಾಝಿಗೆ ಇಟಲಿಯ ನೆನಪು ಬೇರೆಯೇ ಇದೆ. ವಸಾಹತುಶಾಹಿಯ ವಿರುದ್ಧ ಹೋರಾಡಿದ ವೃದ್ಧ ಉಮರ್ ಮುಖ್ತಾರ್‌ರನ್ನು ಇಟಲಿಯ ಸೈನ್ಯ 1931ರ ಸೆಪ್ಟೆಂಬರ್ 16ರಂದು ಗಲ್ಲಿಗೇರಿಸಿದ್ದು ಅಲ್ಲೇ ಸಮೀಪದ ಸುಲೂಕ್‌ನಲ್ಲಿ. ಆ ಗಾಯದ ಮೇಲೆ ಇಟಲಿಯ ಸಚಿವರೊಬ್ಬರು ಉಪ್ಪು ಸವರಿದರೆ ಏನಾದೀತು ಎಂದು ಊಹಿಸಲು ವಿಶೇಷ ಪಾಂಡಿತ್ಯವೇನೂ ಬೇಕಿರಲಿಲ್ಲ.

ಮರುದಿನ ಕಾಲ್ಡೆರೋಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ಬೆರ್ಲುಸ್ಕೋನಿಯವರಿಗೆ ಬೇರೆ ದಾರಿ ಇರಲಿಲ್ಲ. ಲಿಬಿಯಾದ ಒಳಾಡಳಿತ ಸಚಿವರೂ ಹುದ್ದೆ ಕಳೆದುಕೊಂಡರು. ಪತ್ರಿಕೆಗಳು ವಿಷಯವನ್ನು ಅಲ್ಲಿಗೆ ಮುಗಿಸಿದವು. ಆದರೆ ನಮಗೆ ಪಾಠವಿರುವುದು ಆ ರಾಜೀನಾಮೆಯಲ್ಲಲ್ಲ, ಅದರ ನಂತರದ ಕತೆಯಲ್ಲಿ.

ರಾಜೀನಾಮೆ ಎಂದರೆ ಮನೆಗೆ ಹೋಗುವುದು ಎಂದು ನಾವು ತಿಳಿದಿದ್ದೇವೆ. ಕಾಲ್ಡೆರೋಲಿ ಹೋದದ್ದು ಎಲ್ಲಿಗೆ? ಅದೇ ವರ್ಷದ ಏಪ್ರಿಲ್‌ನಲ್ಲಿ ಚುನಾವಣೆ ನಡೆಯಿತು. ಅವರು ಮತ್ತೆ ಸೆನೆಟ್‌ಗೆ ಬಂದರು, ಬಂದವರು ಸೆನೆಟ್‌ನ ಉಪಾಧ್ಯಕ್ಷರೂ ಆದರು. ಬೆಂಗಾಝಿಯ ಗೋರಿಗಳ ಮಣ್ಣು ಒಣಗುವ ಮೊದಲೇ ಸಂಸತ್ತಿನ ಮೇಲ್ಮನೆಯಲ್ಲಿ ಶಿಸ್ತು ಕಾಪಾಡುವ ಪೀಠ ಅವರಿಗೆ ಸಿಕ್ಕಿತ್ತು. ಜುಲೈಯಲ್ಲಿ ಇಟಲಿ ಫ್ರಾನ್ಸನ್ನು ಸೋಲಿಸಿ ವಿಶ್ವಕಪ್ ಗೆದ್ದಾಗ ಅವರು ಕೊಟ್ಟ ಹೇಳಿಕೆ ಏನು ಗೊತ್ತೇ? ಕರಿಯರು, ಮುಸ್ಲಿಮರು ಮತ್ತು ಕಮ್ಯುನಿಸ್ಟರನ್ನು ಆಡಿಸಿ ತನ್ನ ಅಸ್ಮಿತೆಯನ್ನೇ ಬಲಿಕೊಟ್ಟ ತಂಡವನ್ನು ನಾವು ಸೋಲಿಸಿದೆವು ಎಂದು. ಪೀಠ ಅಲುಗಾಡಲಿಲ್ಲ.

2007ರ ಸೆಪ್ಟೆಂಬರ್‌ನಲ್ಲಿ ಬೊಲೋನ್ಯಾ ನಗರದಲ್ಲಿ ಮಸೀದಿ ಕಟ್ಟುವ ಪ್ರಸ್ತಾಪ ಬಂತು. ಮಸೀದಿಯ ಜಾಗದಲ್ಲಿ ಹಂದಿಯನ್ನು ನಡೆಸಲು ತಾನು ಸಿದ್ಧ, ಇಸ್ಲಾಮಿನ ವಿರುದ್ಧ ‘ಹಂದಿ ದಿನ’ ಆಚರಿಸೋಣ ಎಂದು ಕಾಲ್ಡೆರೋಲಿ ಕರೆಕೊಟ್ಟರು. ಶಿಕ್ಷೆ? ಎಂಟು ತಿಂಗಳ ನಂತರ, 2008ರ ಮೇ ತಿಂಗಳಲ್ಲಿ, ಮತ್ತೆ ಸಚಿವ ಪದವಿ! ಅವರನ್ನು ಮತ್ತೆ ಸಚಿವರನ್ನಾಗಿಸಿದರೆ ಪರಿಣಾಮ ಘೋರವಾದೀತು ಎಂದು ಗದ್ದಾಫಿಯ ಮಗ ಸೈಫ್ ಎಚ್ಚರಿಸಿದಾಗ ಕಾಲ್ಡೆರೋಲಿ ವಿಷಾದ ವ್ಯಕ್ತಪಡಿಸಿದರು. ಅಲ್ಲಿಗೆ ಲೆಕ್ಕ ಚುಕ್ತಾ. ಅದೇ ಆಗಸ್ಟ್‌ನಲ್ಲಿ ಬೆರ್ಲುಸ್ಕೋನಿ ಬೆಂಗಾಝಿಗೇ ಹೋಗಿ, ವಸಾಹತು ಕಾಲದ ಅನ್ಯಾಯಕ್ಕೆ ಪರಿಹಾರವಾಗಿ 500 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ ಗದ್ದಾಫಿಯೊಂದಿಗೆ ಸಹಿ ಹಾಕಿದರು. ದೊಡ್ಡವರು ಕೈಕುಲುಕಿದರು. ಸತ್ತವರ ತಾಯಂದಿರನ್ನು ಯಾರೂ ಕೇಳಲಿಲ್ಲ.

ಕೆಲವರು ಹೇಳುತ್ತಾರೆ, ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆ ಎಂದು. ಆಗಲಿ, ಅದನ್ನೂ ಪರೀಕ್ಷಿಸೋಣ. ವ್ಯಂಗ್ಯಚಿತ್ರಕಾರನಿಗೆ ಕೈಯಲ್ಲೊಂದು ಕುಂಚವಿದೆ, ಅಷ್ಟೇ. ಸಚಿವನ ಹಿಂದೆ ಪೊಲೀಸ್ ಇದೆ, ಖಜಾನೆ ಇದೆ, ಕಾನೂನು ಮಾಡುವ ಅಧಿಕಾರವಿದೆ. ಅವನು ಆಡುವ ಮಾತು ವ್ಯಕ್ತಿಯ ಮಾತಲ್ಲ, ರಾಜ್ಯದ ಮಾತು. ಇನ್ನು ಸ್ವಾತಂತ್ರ್ಯದ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಇದ್ದರೆ ಅದು ಎಲ್ಲರಿಗೂ ಸಮನಾಗಿ ಸಲ್ಲಬೇಕಿತ್ತಲ್ಲವೇ? 2009ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್ ಜನಮತದ ಮೂಲಕ ಮಿನಾರಗಳನ್ನು ನಿಷೇಧಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ಈ ಸಚಿವರೂ ಒಬ್ಬರು. ನಿಂದಿಸಲು ಸ್ವಾತಂತ್ರ್ಯ, ಪ್ರಾರ್ಥಿಸಲು ನಿಷೇಧ! ಇದು ಸ್ವಾತಂತ್ರ್ಯವಲ್ಲ, ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆ.

2013ರಲ್ಲಿ ಬೇಟೆ ಬದಲಾಯಿತು. ಆ ವರ್ಷ ಇಟಲಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಕಪ್ಪು ವರ್ಣದ ಮಹಿಳೆಯೊಬ್ಬರು ಸಚಿವೆಯಾದರು. ಕಾಂಗೋದಲ್ಲಿ ಹುಟ್ಟಿದ ಕಣ್ಣಿನ ವೈದ್ಯೆ ಸೆಸಿಲ್ ಕ್ಯೆಂಗೆ. ಕಾಲ್ಡೆರೋಲಿಯವರೂ ವೈದ್ಯರೇ, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು. ಆ ವರ್ಷದ ಜುಲೈಯಲ್ಲಿ ತಮ್ಮ ಪಕ್ಷದ ಸಭೆಯೊಂದರಲ್ಲಿ ಅವರು ಕ್ಯೆಂಗೆಯವರನ್ನು ಒರಾಂಗುಟಾನ್ ಎಂಬ ವಾನರಕ್ಕೆ ಹೋಲಿಸಿದರು. ಸಹವೈದ್ಯೆಯ ವಿದ್ಯೆಯಾಗಲಿ ಸೇವೆಯಾಗಲಿ ಅವರಿಗೆ ಕಾಣಿಸಲಿಲ್ಲ. ಆಗಲೂ ಅವರು ಸೆನೆಟ್‌ನ ಉಪಾಧ್ಯಕ್ಷರೇ. ಪ್ರಧಾನಿ ಖಂಡಿಸಿದರು, ರಾಷ್ಟ್ರಾಧ್ಯಕ್ಷರು ಖಂಡಿಸಿದರು. ಇವರು ಕ್ಷಮೆ ಕೇಳಿದರು, ಕುರ್ಚಿ ಬಿಡಲಿಲ್ಲ. ಅದೇ ತಿಂಗಳು ಇನ್ನೊಂದು ಸಭೆಯಲ್ಲಿ ಯಾರೋ ಕ್ಯೆಂಗೆಯವರತ್ತ ಬಾಳೆಹಣ್ಣು ಎಸೆದರು. ನಾಯಕ ನಾಲಿಗೆಯಿಂದ ಮಾಡಿದ್ದನ್ನು ಹಿಂಬಾಲಕ ಕೈಯಿಂದ ಮಾಡಿದ.

ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 2015ರಲ್ಲಿ ಸೆನೆಟ್ ತನ್ನ ಸದಸ್ಯನ ನೆರವಿಗೆ ಧಾವಿಸಿ, ಜನಾಂಗೀಯ ದ್ವೇಷದ ಆರೋಪದ ಮಟ್ಟಿಗೆ ವಿಚಾರಣೆಗೆ ತಡೆಯೊಡ್ಡಿತು. ಸಂವಿಧಾನ ನ್ಯಾಯಾಲಯ 2018ರಲ್ಲಿ ಆ ತಡೆಯನ್ನು ಕಿತ್ತುಹಾಕಿತು. 2019ರಲ್ಲಿ ಬೆರ್ಗಾಮೊ ನ್ಯಾಯಾಲಯ 18 ತಿಂಗಳ ಶಿಕ್ಷೆ ವಿಧಿಸಿತಾದರೂ ಆ ತೀರ್ಪು ಅಂತಿಮವಾಗಿ ಉಳಿಯಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಜಾರ್ಜಿಯಾ ಮೆಲೋನಿ ಸರಕಾರ ರಚಿಸಿದಾಗ ಕಾಲ್ಡೆರೋಲಿ ಮೂರನೇ ಬಾರಿ ಸಚಿವರಾದರು.

ಈ ಮನುಷ್ಯ ಬರೀ ಬಾಯಿಬಡುಕ ಎಂದು ನಕ್ಕು ಸುಮ್ಮನಾದರೆ ಮೋಸ ಹೋದೆವು. ಇಟಲಿಯ ಸಂಸತ್ತಿನ ನಿಯಮಗಳನ್ನು ಅವರಷ್ಟು ಅರೆದು ಕುಡಿದವರು ಕಡಿಮೆ. 2015ರಲ್ಲಿ ಸೆನೆಟ್ ಸುಧಾರಣೆಯ ಮಸೂದೆಯನ್ನು ತಡೆಯಲು ಕಂಪ್ಯೂಟರ್ ಬಳಸಿ 8 ಕೋಟಿಗೂ ಹೆಚ್ಚು ತಿದ್ದುಪಡಿಗಳನ್ನು ಸೃಷ್ಟಿಸಿದ ಬುದ್ಧಿ ಅವರದು. 2005ರ ಚುನಾವಣಾ ಕಾನೂನಿನ ಕರ್ತೃವೂ ಅವರೇ. ಆ ಕಾನೂನಿನಲ್ಲಿ ಮತದಾರ ಅಭ್ಯರ್ಥಿಯನ್ನು ಆರಿಸುವಂತಿರಲಿಲ್ಲ, ಪಕ್ಷದ ಪಟ್ಟಿಗೆ ಮುದ್ರೆ ಒತ್ತಬೇಕಿತ್ತು, ಅಷ್ಟೇ. ಕೆಳಮನೆಯಲ್ಲಿ ಅತಿ ಹೆಚ್ಚು ಮತ ಪಡೆದ ಕೂಟಕ್ಕೆ, ಆ ಮತ ಎಷ್ಟೇ ಕಡಿಮೆಯಿದ್ದರೂ, 630ರಲ್ಲಿ 340 ಸ್ಥಾನಗಳ ಖಾತರಿ. ಅದೊಂದು ಹಂದಿಗೆಲಸ ಎಂಬ ಅರ್ಥದ ಪದವನ್ನು 2006ರಲ್ಲಿ ಟಿ.ವಿ.ಯಲ್ಲಿ ಬಳಸಿದವರು ಸ್ವತಃ ಕಾಲ್ಡೆರೋಲಿ! ಸಂವಿಧಾನ ನ್ಯಾಯಾಲಯ 2013ರ ಡಿಸೆಂಬರ್‌ನಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸುವ ಹೊತ್ತಿಗೆ ಅದೇ ಕಾನೂನಿನಡಿ ಮೂರು ಮಹಾಚುನಾವಣೆಗಳು ನಡೆದುಹೋಗಿದ್ದವು. ಜನ ಮಸೀದಿಯ ಮುಂದಿನ ಹಂದಿಯ ಬಗ್ಗೆ ಜಗಳವಾಡುತ್ತಿದ್ದರು. ಕಾನೂನಿನ ಪುಸ್ತಕದೊಳಗೆ ನುಗ್ಗಿದ್ದ ಹಂದಿ ಅವರ ಮತದ ಹಕ್ಕನ್ನು ಮೇಯುತ್ತಿತ್ತು.

ಹಾಗಾದರೆ ಈ ರಾಜಕೀಯಕ್ಕೆ ನಿಜವಾಗಿ ಬೇಕಾದದ್ದೇನು? ಉತ್ತರ ಅವರ ಪಕ್ಷದ ಹೆಸರಿನಲ್ಲೇ ಇತ್ತು: ಲೆಗಾ ನೋರ್ಡ್, ಅಂದರೆ ಉತ್ತರದ ಕೂಟ. ಉಂಬರ್ಟೊ ಬೊಸ್ಸಿ ಕಟ್ಟಿದ ಈ ಪಕ್ಷದ ಮೊದಲ ಶತ್ರು ಮುಸ್ಲಿಮರಲ್ಲ, ಕರಿಯರೂ ಅಲ್ಲ. ಅದೇ ದೇಶದ, ಅದೇ ಭಾಷೆಯ, ಅದೇ ಚರ್ಚಿಗೆ ಹೋಗುವ ದಕ್ಷಿಣ ಇಟಲಿಯ ಬಡವರು. ‘ತೆರೋನಿ’ ಎಂದು, ಮಣ್ಣು ಕೆರೆಯುವವರೆಂಬ ಧ್ವನಿಯಲ್ಲಿ, ಅವರನ್ನು ಹೀಯಾಳಿಸಲಾಗುತ್ತಿತ್ತು. ನಮ್ಮ ತೆರಿಗೆಯನ್ನು ಈ ಸೋಮಾರಿಗಳು ತಿನ್ನುತ್ತಿದ್ದಾರೆ ಎಂಬುದೇ ಘೋಷಣೆ. 1996ರಲ್ಲಿ ಬೊಸ್ಸಿ ವೆನಿಸ್‌ನಲ್ಲಿ ನಿಂತು ‘ಪದಾನಿಯಾ’ ಎಂಬ ಪ್ರತ್ಯೇಕ ದೇಶವನ್ನೇ ಘೋಷಿಸಿದ್ದರು. ಅದು ನಡೆಯಲಿಲ್ಲ. ಆಮೇಲೆ ಶತ್ರು ಬದಲಾದ. ಮುಸ್ಲಿಮನನ್ನು ತೋರಿಸಿ ಇಡೀ ಇಟಲಿಯಲ್ಲಿ ಮತ ಕೇಳಬಹುದು ಎಂಬುದು ತಿಳಿಯಿತು. ಮತ್ತೆಯೊ ಸಾಲ್ವಿನಿಯ ನಾಯಕತ್ವದಲ್ಲಿ 2018ರ ಚುನಾವಣೆಗೆ ಹೋಗುವಾಗ ಪಕ್ಷ ಚಿಹ್ನೆಯಿಂದ ‘ಉತ್ತರ’ ಎಂಬ ಪದವನ್ನೇ ಕೈಬಿಟ್ಟಿತು. ನಿನ್ನೆಯವರೆಗೆ ಬೈಸಿಕೊಂಡಿದ್ದ ದಕ್ಷಿಣದವರಲ್ಲೂ ಹಲವರು ಮತ ಹಾಕಿದರು.

ಕೊನೆಗೆ ಅವರಿಗೆ ಸಿಕ್ಕಿದ್ದೇನು? 2024ರ ಜೂನ್‌ನಲ್ಲಿ ಕಾಲ್ಡೆರೋಲಿಯವರ ಹೆಸರಿನಿಂದಲೇ ಕರೆಯಲಾಗುವ ಸ್ವಾಯತ್ತತೆಯ ಕಾನೂನು ಬಂತು. ಆರೋಗ್ಯ, ಶಿಕ್ಷಣ ಸೇರಿದಂತೆ 23 ವಿಷಯಗಳವರೆಗೆ ಹೆಚ್ಚಿನ ಅಧಿಕಾರವನ್ನೂ ಅದಕ್ಕೆ ತಕ್ಕ ಹಣವನ್ನೂ ಪ್ರಾಂತಗಳು ಕೇಳಿ ಪಡೆಯಬಹುದು. ಕೇಳಲು ತುದಿಗಾಲಲ್ಲಿ ನಿಂತಿದ್ದವು ಲೊಂಬಾರ್ಡಿ, ವೆನೆಟೊದಂಥ ಶ್ರೀಮಂತ ಉತ್ತರದ ಪ್ರಾಂತಗಳು. ಚಿಕಿತ್ಸೆಗಾಗಿ ಈಗಲೂ ರೈಲು ಹತ್ತಿ ಉತ್ತರದ ಆಸ್ಪತ್ರೆಗಳಿಗೆ ಹೋಗುವ ಕಲಾಬ್ರಿಯಾದ ರೋಗಿಗೆ ಇದರ ಅರ್ಥವೇನೆಂದು ಹೇಳಬೇಕಿಲ್ಲ. ವಿರೋಧಿಗಳು ಜನಮತಕ್ಕಾಗಿ ಸಹಿ ಸಂಗ್ರಹಿಸಿದರು. ನವೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಕಾನೂನನ್ನು ಪೂರ್ತಿ ತಳ್ಳದಿದ್ದರೂ ಅದರ ಹಲವು ಮುಖ್ಯ ಅಂಶಗಳನ್ನು ಸಂವಿಧಾನಬಾಹಿರ ಎಂದಿತು. ಆದರೆ ಗುರಿ ಯಾವುದಿತ್ತು ಎಂಬುದು ಬಯಲಾಗಿತ್ತು. 2006ರಲ್ಲಿ ಟೀ ಶರ್ಟಿಗೆ ಚಪ್ಪಾಳೆ ತಟ್ಟಿದ ದಕ್ಷಿಣದವನ ಜೇಬಿಗೇ 2024ರಲ್ಲಿ ಕೈ ಬಂದಿತ್ತು.

ದ್ವೇಷದ ರಾಜಕಾರಣಿ ನಮ್ಮನ್ನು ಬೈಯುವುದು ನಮಗೆ ಕೇಳಿಸಲೆಂದಲ್ಲ. ತನ್ನವರು ಕಿವಿಗೊಟ್ಟು ನಿಂತಿರಲಿ, ಅವರ ಗಂಟು ಕಾಯುವವರು ಯಾರೂ ಇರದಿರಲಿ ಎಂದು. ಹಾಗಾಗಿ ಮುಸ್ಲಿಂ ದ್ವೇಷ ಮುಸ್ಲಿಮರದ್ದಷ್ಟೇ ಸಮಸ್ಯೆ ಎಂದು ತಿಳಿದ ಸಜ್ಜನರು ಇಟಲಿಯ ದಕ್ಷಿಣವನ್ನೊಮ್ಮೆ ನೋಡಬೇಕು.

ನಮ್ಮವರೂ ಒಂದು ಮಾತನ್ನು ಯೋಚಿಸಬೇಕು. ಬೆಂಗಾಝಿಯಲ್ಲಿ ಸುಟ್ಟ ದೂತಾವಾಸದಿಂದ ಕಾಲ್ಡೆರೋಲಿಗೆ ಏನು ನಷ್ಟವಾಯಿತು? ಅವರ ಪಕ್ಷಕ್ಕೆ ಬೇಕಿದ್ದ ಚಿತ್ರವನ್ನು ನಾವೇ ಒದಗಿಸಿದೆವು. ಪ್ರವಾದಿಯವರ(ಸ) ಮೇಲೆ ತಾಯಿಫ್‌ನಲ್ಲಿ ಕಲ್ಲೆಸೆದಾಗ ಅವರು ಆ ಊರಿನ ನಾಶವನ್ನು ಬಯಸಲಿಲ್ಲ. ಅವರ ಗೌರವಕ್ಕಾಗಿ ಬೀದಿಗಿಳಿದವರು ಈ ನಡತೆಯನ್ನೇ ಮರೆತರೆ ಆ ಗೌರವ ಉಳಿಯುವುದೆಲ್ಲಿ? ಕ್ಯೆಂಗೆ ಬೀದಿಗೆ ಬೆಂಕಿ ಹಚ್ಚಲಿಲ್ಲ. ತನಗಾದ ಅವಮಾನಕ್ಕಿಂತ ಇಟಲಿಯ ಹೆಸರಿಗೆ ಬಂದ ಕಳಂಕವೇ ತನಗೆ ದುಃಖ ತಂದಿದೆ ಎಂದರು. ವರ್ಷಗಟ್ಟಲೆ ನಡೆದ ಆ ಮೊಕದ್ದಮೆ ನಿಂದಕನನ್ನು ಕಾಡಿದಷ್ಟು ಬೆಂಗಾಝಿಯ ಬೆಂಕಿ ಕಾಡಲಿಲ್ಲ.

ಹಾಗೆಂದು ಅಂಗಿ ಬಿಚ್ಚಿದವನ ಪಾಪ ಕಲ್ಲೆಸೆದವನ ತಲೆಗೆ ಹೋಗುವುದಿಲ್ಲ. ಗುಂಡು ಹಾರಿಸಿದ ಸರ್ವಾಧಿಕಾರಿಯ ಪೊಲೀಸರ ಪಾಪವೂ ಅಳಿಯುವುದಿಲ್ಲ. ಐದು ವರ್ಷಗಳ ನಂತರ, 2011ರ ಫೆಬ್ರವರಿ 17ರಂದು, ಅದೇ ದಿನದ ಸ್ಮರಣೆಯಲ್ಲಿ ಬೆಂಗಾಝಿಯ ಜನ ಮತ್ತೆ ಬೀದಿಗಿಳಿದರು. ಈ ಬಾರಿ ಅವರ ಮುಂದಿದ್ದದ್ದು ಇಟಲಿಯ ದೂತಾವಾಸವಲ್ಲ, ಗದ್ದಾಫಿಯ ಸಿಂಹಾಸನ. ಅದು ಉರುಳಿತು. ರೋಮ್‌ನ ಸಚಿವರು ಮಾತ್ರ ಆಗಲೂ ತಮ್ಮ ಕುರ್ಚಿಯಲ್ಲೇ ಇದ್ದರು.

ಸರ್ವಾಧಿಕಾರಿಯನ್ನು ಜನ ಬೀದಿಗಿಳಿದು ಉರುಳಿಸಿದರು. ಮತದಿಂದ ಬಂದವನನ್ನು ಇಳಿಸಬೇಕಾದದ್ದು ಮತವೇ. ಆ ಕೆಲಸ ಕೇವಲ ಅವಮಾನಿತರದ್ದಲ್ಲ. ಅವಮಾನ ನಡೆಯುವಾಗ ಪಕ್ಕದಲ್ಲಿ ಕುಳಿತು ನಕ್ಕವರದ್ದೂ ಹೌದು.