ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ

ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ, ಹಳೆ ಪೇಪರಿನ ಕಟ್ಟುಗಳ ಅಡಿಯಲ್ಲಿ, ಒಂದು ಮರದ ಪೆಟ್ಟಿಗೆ ಉಂಟು. ಪಂಪು ರಿಪೇರಿಯ ಲೇತ್ ಅಂಗಡಿ ಇಟ್ಟಿದ್ದ ಒಬ್ಬರು ತೀರಿಹೋದ ಮೇಲೆ ಅವರ ಮನೆಯವರು ತಂದುಕೊಟ್ಟದ್ದು. ಕಳೆದ ಮಹಾಸಭೆಯಲ್ಲಿ ಅದರ ಬಗ್ಗೆ ಎರಡು ಅಭಿಪ್ರಾಯ ಬಂತು. ಒಂದು, ಗುಜರಿಯವರಿಗೆ ತೂಕಕ್ಕೆ ಕೊಟ್ಟು ಆ ದುಡ್ಡಿನಲ್ಲಿ ಫ್ಯಾನು ರಿಪೇರಿ ಮಾಡಿಸುವುದು. ಇನ್ನೊಂದು, ಬಣ್ಣ ಬಳಿದು ಗಾಜಿನ ಕಪಾಟಿನಲ್ಲಿಟ್ಟು ಪ್ರಾಚೀನ ವಸ್ತು ಎಂದು ಚೀಟಿ ಅಂಟಿಸುವುದು. ಎರಡೂ ತಪ್ಪು ಎಂದು ಹೇಳಲಿಕ್ಕೆ ನಾನು ಎದ್ದು ನಿಂತೆ. ಅಷ್ಟರಲ್ಲಿ ಚಹಾ ಬಂತು. ಹಾಗಾಗಿ ಇಲ್ಲಿ ಬರೆಯುತ್ತೇನೆ.

ಪೆಟ್ಟಿಗೆಯೊಳಗೆ ಇರುವುದು ಎಂತ ಎಂದು ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಸೇಮಿಗೆ ಒತ್ತುವ ಮಣೆಯ ತುಂಡು ಎಂದರು. ಇನ್ನೊಬ್ಬರು ಹೊಲಿಗೆ ಮಿಶನಿನ ಕಾಲು ಎಂದರು. ಗೊತ್ತಿಲ್ಲದ್ದನ್ನು ಮಾರಲಿಕ್ಕೆ ಮಾತ್ರ ಎಲ್ಲರಿಗೂ ಅವಸರ ಮಾರಾಯ್ರೇ! ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದರೆ ಮಳೆಗಾಲದಲ್ಲಿ ತೋಟದ ಕೆಲಸ ನಿಂತಾಗ ಅದೇ ಲೇತ್ ಅಂಗಡಿಗೆ ಕೈಸಹಾಯಕ್ಕೆ ಹೋಗುತ್ತಿದ್ದೆ. ಆ ಸಾಮಾನನ್ನು ನನ್ನ ಕೈ ಬಲ್ಲದು.

ನೀವೇ ಹೋಗಿ ನೋಡಿ. ಅಂಗೈಯಗಲದ ಎರಕದ ಕಬ್ಬಿಣದ ಬುಡ. ಅದರ ಮೇಲೆ ಓರೆಯಾಗಿ ಕೂರಿಸಿದ ಕೀಲು. ಕೀಲಿನಲ್ಲಿ ಬಾಗಿಲಿನ ಹಾಗೆ ಆಚೀಚೆ ಆಡುವ ಒಂದು ತೋಳು. ತೋಳಿನ ಉದ್ದಕ್ಕೂ, ಅಡಿಕೆ ಹಾಳೆಯನ್ನು ನಡುವೆ ಮಡಚಿದ ಹಾಗೆ, ಒಂದು ಚಡಿ. ಚಡಿಯ ಮುಂದಿನ ತುದಿಯಲ್ಲಿ ಉಕ್ಕಿನ ಚಿಕ್ಕ ನಾಲಿಗೆ, ಹಿಂದಿನ ತುದಿಯಲ್ಲಿ ತಿರುಗಿಸಿ ಮುಂದೆ ದೂಡುವ ಸ್ಕ್ರೂ. ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಉಜ್ಜಿದರೆ ಬುಡದಲ್ಲಿ ಅಂಕಿ ಕಾಣುತ್ತದೆ: 41, 49, 59, 68, 88. ಈ ಅಂಕಿ ಕಂಡ ಮೇಲೆ ಸಂಶಯ ಬೇಡ. ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ಟನ್ನು ಸಾಣೆಕಲ್ಲಿಗೆ ಸರಿಯಾದ ಓರೆಯಲ್ಲಿ ಹಿಡಿಯುವ ಸಾಧನ ಅದು.

59ರ ಗುಟ್ಟು ಇಷ್ಟೇ. ಬಿಟ್ಟಿನ ತುದಿಯಲ್ಲಿ ಎರಡು ಬಾಯಿ ಉಂಟು. ನಡುಗೆರೆಯಿಂದ ಒಂದು ಬಾಯಿ 59 ಡಿಗ್ರಿ, ಇನ್ನೊಂದೂ 59. ಒಟ್ಟು 118. ಸಾಧಾರಣ ಕಬ್ಬಿಣಕ್ಕೆ ಅದೇ ಮೊನೆ. ಗಡಸು ಉಕ್ಕಿಗೆ 68, ಅಂದರೆ ಒಟ್ಟು 136. ಎರಡು ಬಾಯಿಯಲ್ಲಿ ಒಂದು ಉದ್ದ ಒಂದು ಗಿಡ್ಡ ಆಯಿತೋ, ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ, ಒಂದೇ ಬಾಯಿ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಸುತ್ತುತ್ತದೆ. ಬಾಯಿಯ ಹಿಂದೆ ಸ್ವಲ್ಪ ಇಳಿಜಾರೂ ಬೇಕು, ಸುಮಾರು 12 ಡಿಗ್ರಿ. ಅದಿಲ್ಲದಿದ್ದರೆ ಬಿಟ್ಟು ಕೊರೆಯುವುದಿಲ್ಲ, ಉಜ್ಜುತ್ತದೆ, ಕಾಯುತ್ತದೆ.

ಸಾಧನ ಈ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ತೋಳನ್ನು 59ಕ್ಕೆ ಬಿಗಿ ಮಾಡಿ. ಬಿಟ್ಟನ್ನು ಚಡಿಯಲ್ಲಿ ಮಲಗಿಸಿ, ಒಂದು ಬಾಯಿ ಆ ನಾಲಿಗೆಗೆ ಆನಿಸಿಕೊಂಡಿರಲಿ. ಹಿಂದಿನ ಸ್ಕ್ರೂವಿನಿಂದ ಕೂದಲೆಳೆಯಷ್ಟು ಮುಂದೆ ದೂಡಿ, ತೋಳನ್ನು ನಿಧಾನ ಆಡಿಸಿ. ಮತ್ತೆ ಸ್ಕ್ರೂ ಮುಟ್ಟದೆ ಬಿಟ್ಟನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಬಾಯಿ. ಸ್ಕ್ರೂ ಮುಟ್ಟದ್ದೇ ಇಲ್ಲಿ ಮುಖ್ಯ, ಎರಡು ಬಾಯಿಯೂ ಸಮ ಆಗುವುದು ಅದರಿಂದ. ಸರಿಯಾಯಿತೋ ಎಂದು ತಿಳಿಯಲಿಕ್ಕೆ ಒಂದು ತೂತು ಕೊರೆದು ನೋಡಿ. ಎರಡು ಚಡಿಯಿಂದಲೂ ಒಂದೇ ದಪ್ಪದ ಸುರುಳಿ ಬಂದರೆ ಗೆದ್ದಿರಿ.

"ಹೊಸ ಬಿಟ್ಟು ತಂದರಾಯಿತಲ್ಲ?" ಎಂದು ಸಭೆಯಲ್ಲಿ ಕೇಳಿದವರಿಗೆ ನನ್ನ ಉತ್ತರ ಬೇರೆ ಉಂಟು. ಹೊಸತೂ ಮೊಂಡಾಗುತ್ತದೆ, ಕೆಲವು ಮೊದಲ ದಿನವೇ. ಮೊಂಡಾದ ಮೇಲೆ ಪೇಟೆಗೆ ಯಾರು ಹೋಗುತ್ತಾರೆ? ಅದರಲ್ಲೇ ಒತ್ತುತ್ತಾರೆ. ನಮ್ಮ ಬೈಲಿನ ಒಬ್ಬ ಹುಡುಗ ಗೇಟಿನ ಆ್ಯಂಗ್ಲಿಗೆ ತೂತು ಕೊರೆಯುವಾಗ ಮೊಂಡು ಬಿಟ್ಟಿನ ಮೇಲೆ ಮೈಭಾರ ಹಾಕಿದ. ಬಿಟ್ಟು ತುಂಡಾಯಿತು, ತುಂಡು ಅಂಗೈ ಸೀಳಿತು. ಆ ವರ್ಷ ಅಡಿಕೆ ಕೊಯ್ಲಿಗೆ ಅವ ಮರ ಹತ್ತಲಿಲ್ಲ. ಅವನ ಮನೆಯ ನಾಲ್ಕು ಹೊಟ್ಟೆಗೆ ಅದೇ ದುಡಿಮೆ. ಆಗಲೂ ಈ ಪೆಟ್ಟಿಗೆ ಇಲ್ಲೇ, ಪೇಪರಿನ ಅಡಿಯಲ್ಲೇ ಇತ್ತು.

ಕೈಯಲ್ಲೇ ಮಸೆಯುವ ನಿಪುಣರು ಇದ್ದಾರೆ, ಒಪ್ಪುತ್ತೇನೆ. ಅಂಗಡಿಯ ಹಿರಿಯರು ಹಾಗೇ ಮಸೆಯುತ್ತಿದ್ದರು, ಸಾಧನ ನಮ್ಮಂಥ ಕಲಿಯುವವರಿಗೆ. ಆದರೆ ಆ ಕೈ ಮಣ್ಣಾಯಿತು. ಉಳಿದದ್ದು ಕಬ್ಬಿಣ. ಅದನ್ನೂ ಮಾರಿದರೆ ಯಾರ ಹತ್ತಿರ ಕಲಿಯುವುದು?

ಕಲ್ಲಿನ ವಿಷಯವೂ ಹೇಳಬೇಕು. ಪೆಟ್ಟಿಗೆಯಲ್ಲಿ ಮೂರು ಸಾಣೆಚಕ್ರ ಉಂಟು. ಬೂದು ಬಣ್ಣದ ಎರಡು ಉಕ್ಕಿಗೆ, ಹಸಿರಿನದ್ದು ಕಾರ್ಬೈಡ್ ತುದಿಗೆ. ಮಿಶನಿಗೆ ಹಾಕುವ ಮುಂಚೆ ಬೆರಳಲ್ಲಿ ತೂಗುಹಾಕಿ, ಮರದ ಹಿಡಿಯಿಂದ ಮೆತ್ತಗೆ ತಟ್ಟಿ ಕೇಳಿ. ಗಣ್ ಎಂದರೆ ಒಳ್ಳೆಯದು. ಒಡಕು ಮಡಕೆಯ ಹಾಗೆ ಬೊದ್ದ ಎಂದರೆ ಬಿರುಕು ಉಂಟು, ಅದನ್ನು ಎಸೆಯಿರಿ. ತಿರುಗುವಾಗ ಒಡೆದರೆ ಜೀವಕ್ಕೇ ಬರುತ್ತದೆ. ತೆಂಬರೆ ಕೈಗೆತ್ತಿಕೊಂಡ ಕೂಡಲೇ ಒಮ್ಮೆ ಬಡಿದು ನೋಡುವವರಿಗೆ ಇದು ಹೊಸತಲ್ಲ. ನಾನು ಮೊನ್ನೆ ತಟ್ಟಿದೆ. ಎರಡು ಹಾಡಿತು, ಒಂದು ಹಾಡಲಿಲ್ಲ. ಮತ್ತೆ, ತೆಳು ಚಕ್ರದ ಪಕ್ಕಕ್ಕೆ ಜೋರಾಗಿ ಒತ್ತಬಾರದು, ಕಣ್ಣಿಗೆ ಕನ್ನಡಕ ಇಲ್ಲದೆ ನಿಲ್ಲಲೇಬಾರದು. ಎಚ್‌ಎಸ್‌ಎಸ್ ಎಂದು ಬರೆದ ಬಿಟ್ಟು ಬಿಸಿ ತಡೆಯುತ್ತದೆ, ಆದರೆ ಕೆಂಪಗೆ ಕಾದದ್ದನ್ನು ನೀರಿಗೆ ಹಾಕಿದರೆ ಸೀಳುತ್ತದೆ. ಹಳೆ ಕಾರ್ಬನ್ ಉಕ್ಕಿನದ್ದು ಸುಮಾರು 300 ಡಿಗ್ರಿಗೆ ನೀಲಿ ಆಗುತ್ತದೆ. ನೀಲಿ ಆದರೆ ಆ ತುದಿಯ ಗಡಸು ಹೋಯಿತು.

ಗಾಜಿನ ಕಪಾಟಿನವರಿಗೆ ಒಂದು ಮಾತು. ಕೀಲಿನ ಮೇಲೆ ಬಣ್ಣ ಬಳಿದರೆ ಕೀಲು ಹಿಡಿಯುತ್ತದೆ, ಅಂಕಿ ಮುಚ್ಚುತ್ತದೆ. ನಾಲ್ಕು ಹನಿ ಎಣ್ಣೆ ಸಾಕಾದ ಸಾಮಾನಿಗೆ ನೀವು ಸಮಾಧಿ ಕಟ್ಟುತ್ತೀರಿ.

ಮಾಸ್ಟ್ರುಗಳೇ, ಟೀಚರುಗಳೇ, ನಿಮ್ಮ ಮಕ್ಕಳು ಕೋನಮಾಪಕದಲ್ಲಿ 59 ಎಳೆಯುತ್ತಾರೆ, ಎಂತಕ್ಕೆ ಎಂದು ಗೊತ್ತಿಲ್ಲದೆ. ಅವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ. ಇನ್ನೊಂದು ವಸ್ತುವೂ ತೋರಿಸಬಹುದಿತ್ತು, ಮೀನಿನ ಬಾಲದ ಹಾಗೆ ಕತ್ತರಿಸಿದ ಚಿಕ್ಕ ಉಕ್ಕಿನ ತಗಡು. ಲೇತಿನಲ್ಲಿ ತ್ರೆಡ್ಡು ಕೊಯ್ಯುವ ಉಳಿಯನ್ನು ಮಸೆದು, ಆ ತಗಡಿನ ಕಚ್ಚಿನಲ್ಲಿಟ್ಟು ಬೆಳಕಿಗೆ ಹಿಡಿಯುವುದು. ನಡುವೆ ಬೆಳಕು ನುಸುಳಿದರೆ ಮತ್ತೆ ಮಸೆಯಬೇಕು. ಮಿಲಿಮೀಟರ್ ಲೆಕ್ಕದ ಬೋಲ್ಟಿಗೆ 60 ಡಿಗ್ರಿಯ ತಗಡು, ಹಳೆ ಇಂಗ್ಲಿಷ್ ಲೆಕ್ಕದ್ದಕ್ಕೆ 55. ನಮ್ಮ ತೋಟದ ಜಿಐ ಪೈಪಿನ ತ್ರೆಡ್ಡು ಇಂದಿಗೂ 55ರದ್ದೇ. ಪೆಟ್ಟಿಗೆಯಲ್ಲಿದ್ದ 55ರ ತಗಡು ಈಗ ವಾಚನಾಲಯದ ಬೀಗದ ಕೈಗೊಂಚಲಿನಲ್ಲಿ ನೇತಾಡುತ್ತಾ ಉಂಟು, ಚಂದ ಕಾಣುತ್ತದೆ ಎಂದು ಯಾರೋ ಸಿಕ್ಕಿಸಿದ್ದಾರೆ. ದಯಮಾಡಿ ಬಿಚ್ಚಿ ಕೊಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಹಿಂದಿನ ಜಗಲಿಯಲ್ಲಿ ಒಂದು ಹಲಗೆ, ಒಂದು ಬೆಂಚ್ ಗ್ರೈಂಡರು. ಗ್ರೈಂಡರು ನಾನು ತರುತ್ತೇನೆ, ಮನೆಯಲ್ಲಿ ಕೆಲಸವಿಲ್ಲದೆ ಕೂತಿದೆ. ಆದಿತ್ಯವಾರ ಹತ್ತು ಗಂಟೆಗೆ ಮೊಂಡು ಬಿಟ್ಟು ಇರುವವರು ಬರಲಿ, ಮೊದಲು ಆ ಹುಡುಗ ಬರಲಿ. ಫ್ಯಾನಿನ ದುಡ್ಡಿಗೆ ಒಂದು ರಾತ್ರಿ ನಾನು ಪಾಡ್ದನ ಹಾಡುತ್ತೇನೆ, ನೀವು ತಟ್ಟೆ ಹಿಡಿದು ಚಂದಾ ಎತ್ತಿ. ಗುಜರಿಯ ಗಾಡಿ ಬರುವುದು ಬುಧವಾರ ಎಂದು ಕೇಳಿದೆ. ಬುಧವಾರ ಬೆಳಗ್ಗೆ ನಾನು ಆ ಪೆಟ್ಟಿಗೆಯ ಮೇಲೆ ಕೂತಿರುತ್ತೇನೆ.