ಹವ್ಯಾಸಿ ಬಾನುಲಿಯಲ್ಲಿ ವರದಿಗಳ ಶೋಧನೆ

ಕೃಷ್ಣರಾಜನಗರದ ಸೀಮೆಯ ಭತ್ತದ ಕಣಗಳಲ್ಲಿ ಧಾನ್ಯವನ್ನು ಹಸನುಗೊಳಿಸಲು ಎರಡು ಸಾಧನಗಳುಂಟು. ಒಂದು ಜರಡಿ, ಮತ್ತೊಂದು ಮೊರ. ಜರಡಿಯು ತನ್ನ ಕಣ್ಣಿನ ಅಳತೆಯನ್ನು ಮಾತ್ರ ಬಲ್ಲದು. ಅದಕ್ಕಿಂತ ಸಣ್ಣದನ್ನು ಕೆಳಕ್ಕೆ ಬಿಡುತ್ತದೆ, ದೊಡ್ಡದನ್ನು ಮೇಲೆ ಉಳಿಸಿಕೊಳ್ಳುತ್ತದೆ. ಮೊರವಾದರೋ ಕೇರುವ ಕೈಯನ್ನೂ ಗಾಳಿಯ ದಿಕ್ಕನ್ನೂ ಅನುಸರಿಸಿ, ಗಟ್ಟಿಯನ್ನು ಉಳಿಸಿ ಜೊಳ್ಳನ್ನು ತೂರುತ್ತದೆ. ಎರಡೂ ಬೇಕಾದವೇ. ಆದರೆ ಮೊರದ ಕೆಲಸವನ್ನು ಜರಡಿಗೆ ಒಪ್ಪಿಸಿದ ಮನೆಯಲ್ಲಿ ಜೊಳ್ಳು ಕಾಳಿನೊಡನೆಯೇ ಉಳಿಯುತ್ತದೆ, ಸಣ್ಣ ಕಾಳು ಮಾತ್ರ ಮಣ್ಣುಪಾಲಾಗುತ್ತದೆ. ಹವ್ಯಾಸಿ ಬಾನುಲಿಯ ವರದಿಜಾಲಗಳಲ್ಲಿ ಇಂದು ನಡೆಯುತ್ತಿರುವ ಶೋಧನೆಯ ಪ್ರಶ್ನೆಯೂ ಇದೇ ಬಗೆಯದು.

ಈ ವಿಷಯ ವಿದ್ಯಾಸಂಸ್ಥೆಗೆ ದೂರದ್ದೆಂದು ತೋರಬಹುದು. ಮೈಸೂರು ಸೀಮೆಯವರಿಗೆ ಹಾಗೆನಿಸಬೇಕಾಗಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದರ ಮೂಲಕ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಮನೆಯಿಂದ. ಒಬ್ಬ ಅಧ್ಯಾಪಕನ ಕುತೂಹಲ, ಒಂದು ಕೊಠಡಿ, ಒಂದು ಸಣ್ಣ ಯಂತ್ರ: ಅದರ ಬಂಡವಾಳ ಇಷ್ಟೇ ಆಗಿತ್ತು. ಶಾಲೆಗಳಲ್ಲಿ ಹವ್ಯಾಸಿ ಬಾನುಲಿ ಕೇಂದ್ರಗಳನ್ನು ತೆರೆಯುವ ವಿಚಾರ ಬಂದಾಗ ಈ ಪೂರ್ವಪರಂಪರೆಯನ್ನು ನೆನೆಯುವುದು ಉಚಿತ.

ಹವ್ಯಾಸಿ ಬಾನುಲಿಯೆಂದರೆ ಲಾಭದ ಉದ್ದೇಶವಿಲ್ಲದೆ, ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು, ತಮಗೆ ಗೊತ್ತುಪಡಿಸಿದ ತರಂಗಗಳಲ್ಲಿ ಪರಸ್ಪರ ಸಂಭಾಷಿಸುವ ವ್ಯವಸ್ಥೆ. ಪ್ರತಿಯೊಬ್ಬನಿಗೂ ಒಂದು ಕರೆಸಂಕೇತವಿರುತ್ತದೆ. ಭಾರತದ ಮುಖ್ಯಭೂಮಿಯವರದು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಮೊದಲಾಗುತ್ತದೆ; ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳದು ವಿಯು4, ಲಕ್ಷದ್ವೀಪದ್ದು ವಿಯು7. ದೂರದ, ಅಪರೂಪದ ನಿಲ್ದಾಣವೊಂದು ಕೇಳಿಸಿದಾಗ ಅದನ್ನು ಕೇಳಿದವನು ಇತರರಿಗೂ ತಿಳಿಸುವುದು ಹಳೆಯ ಸೌಜನ್ಯ. ಮೊದಲು ಅಂಚೆಯಿಂದ, ದೂರವಾಣಿಯಿಂದ ನಡೆಯುತ್ತಿದ್ದ ಈ ಕಾರ್ಯಕ್ಕೆ 1980ರ ದಶಕದಲ್ಲಿ ಅಮೆರಿಕದ ಡಿಕ್ ನ್ಯೂವೆಲ್ ಎಂಬ ಹವ್ಯಾಸಿಯು ರೂಪಿಸಿದ ‘ಪ್ಯಾಕೆಟ್ ಕ್ಲಸ್ಟರ್’ ಯಂತ್ರಜಾಲದ ರೂಪವನ್ನು ಕೊಟ್ಟಿತು. ಕೇಳಿದವನ ಕರೆಸಂಕೇತ, ಕೇಳಿಸಿದ ನಿಲ್ದಾಣದ ಕರೆಸಂಕೇತ, ಕಿಲೋಹರ್ಟ್ಸ್‌ಗಳಲ್ಲಿ ಅದರ ಸ್ಥಾನ, ಒಂದೆರಡು ಮಾತಿನ ಟಿಪ್ಪಣಿ, ಅಂತರರಾಷ್ಟ್ರೀಯ ಕಾಲಮಾನದಲ್ಲಿ ವೇಳೆ: ಈ ಐದು ಅಂಶಗಳ ಒಂದು ಸಾಲಿಗೆ ‘ಸ್ಪಾಟ್’ ಎಂದು ಹೆಸರು.

ಅಂದು ಆ ಸಾಲಿನ ಹಿಂದೆ ಒಬ್ಬ ಮನುಷ್ಯನ ಕಿವಿಯಿತ್ತು. 2008ರಲ್ಲಿ ಮೋರ್ಸ್ ಸಂಕೇತಗಳನ್ನು ತಾನೇ ಓದಿಕೊಳ್ಳುವ ಗಣಕತಂತ್ರವೂ, ಅಂಥ ಯಂತ್ರಗಳ ವರದಿಗಳನ್ನು ಒಂದೆಡೆ ಕೂಡಿಸುವ ‘ರಿವರ್ಸ್ ಬೀಕನ್’ ಜಾಲವೂ ಬಂದವು. ಅಂದಿನಿಂದ ವರದಿಗಳ ಪ್ರವಾಹ ಮೇರೆ ಮೀರಿತು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ಕೊನೆಯ ವಾರಾಂತ್ಯಗಳಲ್ಲಿ ನಡೆಯುವ ವಿಶ್ವಸ್ಪರ್ಧೆಗಳ ಹೊತ್ತಿನಲ್ಲಿ ಗಂಟೆಗೆ ಸಾವಿರಾರು ಸಾಲುಗಳು ಪರದೆಯ ಮೇಲೆ ಹರಿಯುತ್ತವೆ. ಅವೆಲ್ಲವನ್ನೂ ಓದುವುದು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಶೋಧನೆ ಬೇಡವೆಂದು ಯಾರೂ ಹೇಳಲಾರರು. ಯಾವುದನ್ನು ಆಧಾರವಾಗಿಟ್ಟುಕೊಂಡು ಶೋಧಿಸಬೇಕು ಎಂಬುದೇ ಪ್ರಶ್ನೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಶೋಧಕಗಳು ನಾಲ್ಕು ಬಗೆಯವು. ಮೊದಲನೆಯದು ತರಂಗಪಟ್ಟಿಯನ್ನೂ ಪ್ರಸಾರದ ಬಗೆಯನ್ನೂ ನೋಡುತ್ತದೆ. ಎರಡನೆಯದು ವರದಿಗಾರನ ಪ್ರದೇಶವನ್ನು ನೋಡುತ್ತದೆ. ಮೂರನೆಯದು ವರದಿಗಾರರ ಸಂಖ್ಯೆಯನ್ನು ನೋಡುತ್ತದೆ. ಹಲವು ಗ್ರಾಹಕಗಳು ಒಂದೇ ಸಂಕೇತವನ್ನು ವರದಿ ಮಾಡಿದರೆ ಮಾತ್ರ ಅದನ್ನು ದೃಢವೆಂದು ಎಣಿಸುತ್ತದೆ. ನಾಲ್ಕನೆಯದು ಬಳಸುವವನ ಅಗತ್ಯವನ್ನು ನೋಡುತ್ತದೆ. ಅವನು ಈಗಾಗಲೇ ಸಂಪರ್ಕಿಸಿದ ದೇಶಗಳನ್ನು ತೆಗೆದುಹಾಕಿ, ಉಳಿದವು ಬಂದಾಗ ಗಂಟೆ ಬಾರಿಸುತ್ತದೆ. ಮೊದಲನೆಯದು ನಿರುಪದ್ರವಿ. ಉಳಿದ ಮೂರನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನೆಲದ ಮೇಲೆ ನಿಂತು ಪರೀಕ್ಷಿಸಬೇಕಾಗಿದೆ.

ಪ್ರದೇಶದ ವಿಚಾರವನ್ನು ಮೊದಲು ನೋಡಬಹುದು. ಹವ್ಯಾಸಿಗಳ ಭೂಪಟದಲ್ಲಿ ಹಿಮಾಲಯದ ನೇಪಾಳದಿಂದ ಸಿಂಹಳ, ಮಾಲ್ಡೀವ್ಸ್‌ಗಳವರೆಗೆ ಎಲ್ಲವೂ 22ನೆಯ ವಲಯ. ಅದಕ್ಕಿಂತ ಸೂಕ್ಷ್ಮವಾದ ಚೌಕಗಳ ಪದ್ಧತಿಯಲ್ಲಿ ಈ ನಾಲ್ಕು ಪಟ್ಟಣಗಳೂ ಎಂಕೆ82 ಎಂಬ ಒಂದೇ ಚೌಕದಲ್ಲಿವೆ. ಬೆಂಗಳೂರು ನಗರದ ಹೃದಯಭಾಗವೂ ಅದೇ ಚೌಕದಲ್ಲಿದೆ. ಎಂದರೆ ಕಾಡಂಚಿನ ಹೆಗ್ಗಡದೇವನಕೋಟೆಯೂ ಮಹಾನಗರವೂ ಈ ಜರಡಿಗೆ ಒಂದೇ. ಆದರೂ ಸಮೀಪದವರು ಕೇಳಿದ್ದನ್ನು ನೆಚ್ಚುವುದರಲ್ಲಿ ಯುಕ್ತಿಯಿದೆ. ಹ್ರಸ್ವತರಂಗಗಳು ಮೇಲಣ ಅಯಾನುಮಂಡಲದಿಂದ ಬಾಗಿ ಹಿಂದಿರುಗುವುದರಿಂದ ಅಮೆರಿಕದವನಿಗೆ ಗಟ್ಟಿಯಾಗಿ ಕೇಳಿಸುವ ನಿಲ್ದಾಣ ಹುಣಸೂರಿನಲ್ಲಿ ಸ್ವಲ್ಪವೂ ಕೇಳಿಸದಿರಬಹುದು. ಚೆನ್ನೈ, ಹೈದರಾಬಾದು ಅಥವಾ ಕೊಲಂಬೋವಿನಲ್ಲಿ ಕೇಳಿಸಿದ ದೂರದ ದನಿ ಇಲ್ಲಿಯೂ ಕೇಳಿಸುವ ಸಂಭವ ಹೆಚ್ಚು. ಹಾಗೆಯೇ 14 ಮೆಗಾಹರ್ಟ್ಸ್‌ನಲ್ಲಿ ಯೂರೋಪು ಸ್ಪಷ್ಟವಾಗಿರುವಾಗ ಬೆಂಗಳೂರು ಕೇಳಿಸದಿರುವುದೂ ಸಹಜ. ತರಂಗವು ಸಮೀಪದ ನೆಲವನ್ನು ದಾಟಿಕೊಂಡು ದೂರಕ್ಕೆ ಇಳಿಯುತ್ತದೆ. ಇಷ್ಟನ್ನು ತಿಳಿದವನಿಗೆ ಮಾತ್ರ ಪ್ರದೇಶದ ಶೋಧಕವು ಸೇವಕ. ತಿಳಿಯದವನಿಗೆ ಅದು ಒಡೆಯ.

ಸಂಖ್ಯೆಯ ವಿಚಾರ ಇದಕ್ಕಿಂತ ಗಂಭೀರವಾದುದು. ಯಂತ್ರವು ತಪ್ಪಿ ಕೇಳುವುದುಂಟು. ಮೋರ್ಸ್ ಸಂಕೇತದಲ್ಲಿ 3 ಎಂಬುದು ಮೂರು ಚುಕ್ಕೆ, ಎರಡು ಗೆರೆ. 4 ಎಂಬುದು ನಾಲ್ಕು ಚುಕ್ಕೆ, ಒಂದು ಗೆರೆ. ದನಿ ಕ್ಷೀಣಿಸಿದ ಕ್ಷಣದಲ್ಲಿ ಒಂದು ಗೆರೆ ಮೊಟಕಾಗಿ ಚುಕ್ಕೆಯಂತೆ ಕೇಳಿಸಿದರೆ, ಭಾರತದ ಮುಖ್ಯಭೂಮಿಯ ವಿಯು3 ಅಂಡಮಾನಿನ ವಿಯು4 ಆಗಿಬಿಡುತ್ತದೆ! ಅಪರೂಪದ ದ್ವೀಪ ದೊರೆಯಿತೆಂದು ಲೋಕವೆಲ್ಲ ಆ ಸ್ಥಾನಕ್ಕೆ ಮುಗಿಬೀಳುತ್ತದೆ. ಇಂಥ ಪ್ರಮಾದವನ್ನು ತಡೆಯಲೆಂದೇ ಹಲವರ ಸಾಕ್ಷ್ಯವನ್ನು ಕೇಳುವ ಕ್ರಮ ಹುಟ್ಟಿತು. ಯೂರೋಪಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಗ್ರಾಹಕಗಳು ದಟ್ಟವಾಗಿರುವುದರಿಂದ ಅಲ್ಲಿ ಈ ಕ್ರಮ ಒಳ್ಳೆಯ ಫಲವನ್ನೇ ಕೊಡುತ್ತದೆ. ಆದರೆ ಸಾಕ್ಷಿಗಳೇ ವಿರಳವಾದ ನಾಡಿನಲ್ಲಿ ಇದರ ಪರಿಣಾಮವೇನು? ದಕ್ಷಿಣ ಭಾರತದ ಹಳ್ಳಿಯೊಂದರಿಂದ ಒಬ್ಬನೇ ಕೇಳಿ, ಒಬ್ಬನೇ ಕಳಿಸಿದ ನಿಜವಾದ ವರದಿಯು ಎರಡನೆಯ ಸಾಕ್ಷಿಯಿಲ್ಲವೆಂಬ ಒಂದೇ ಕಾರಣದಿಂದ ತಿಪ್ಪೆಗೆ ಬೀಳುತ್ತದೆ. ಒಂದೇ ಊರಿನ ಹತ್ತು ಯಂತ್ರಗಳು ಒಂದೇ ಬಗೆಯಾಗಿ ತಪ್ಪಿದರೆ ಆ ತಪ್ಪು ‘ದೃಢ’ವೆಂಬ ಮುದ್ರೆಯನ್ನು ಪಡೆಯುತ್ತದೆ. ಬಹುಮತವು ಸತ್ಯಕ್ಕೆ ಸಹಾಯಕವಾಗಬಹುದು, ಅದೇ ಸತ್ಯವಾಗಲಾರದು.

ಅಗತ್ಯದ ಶೋಧಕವಾದರೋ ಸ್ವಾರ್ಥದ ಅಳತೆಯದು. ಇದಕ್ಕೆ 2004ರ ಡಿಸೆಂಬರ್ ತಿಂಗಳ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಭಾರತಿ ಪ್ರಸಾದರ ನೇತೃತ್ವದಲ್ಲಿ ಹವ್ಯಾಸಿಗಳ ತಂಡವೊಂದು ಪೋರ್ಟ್ ಬ್ಲೇರಿಗೆ ಹೋಗಿ, ಹಲವು ವರ್ಷಗಳಿಂದ ಮೌನವಾಗಿದ್ದ ಅಂಡಮಾನಿನಿಂದ ದನಿಯೆತ್ತಿತು. ಜಗತ್ತಿನ ಹವ್ಯಾಸಿಗಳು ಆ ಸಂಕೇತಕ್ಕಾಗಿ ಕಾದು ಕುಳಿತರು. 26ರಂದು ಸಮುದ್ರವು ದ್ವೀಪಗಳ ಮೇಲೆ ಏರಿಬಂತು. ನಿನ್ನೆಯವರೆಗೆ ಸಂಗ್ರಹಯೋಗ್ಯ ವಸ್ತುವಾಗಿದ್ದ ಅದೇ ದನಿ ಅಂದು ನೊಂದವರ ಕ್ಷೇಮಸಮಾಚಾರವನ್ನು ಹೊತ್ತು ತಂದಿತು. ಹಿಂದಿನ ದಿನವೇ ಅಂಡಮಾನಿನ ಸಂಪರ್ಕ ಸಾಧಿಸಿ, ‘ಇನ್ನು ಇದು ಬೇಡ’ವೆಂದು ತನ್ನ ಶೋಧಕದಲ್ಲಿ ಗುರುತು ಹಾಕಿಕೊಂಡವನ ಪರದೆಯ ಮೇಲೆ ಆ ಸಾಲು ಮೂಡುವುದೇ ಇಲ್ಲ. ತನಗೆ ಬೇಕಾದುದನ್ನು ಮಾತ್ರ ಕೇಳುವವನು ತನ್ನನ್ನು ಬೇಡುವವರ ದನಿಯನ್ನು ಕೇಳದವನಾಗುತ್ತಾನೆ.

ಈ ಮಾತು ಇಲ್ಲಿನ ನದಿಗಳ ದಡದಲ್ಲಿಯೂ ಸತ್ಯ. 2019ರ ಆಗಸ್ಟ್ ತಿಂಗಳಲ್ಲಿ ಕಬಿನಿಯೂ ಲಕ್ಷ್ಮಣತೀರ್ಥವೂ ಉಕ್ಕಿ ಹರಿದುದನ್ನು ಈ ತಾಲ್ಲೂಕುಗಳ ಜನ ಮರೆತಿಲ್ಲ. ವಿದ್ಯುತ್ತು ನಿಂತು, ದೂರವಾಣಿಯ ಗೋಪುರಗಳು ಮೂಕವಾದ ಹೊತ್ತಿನಲ್ಲಿ ಕಾಡಂಚಿನ ಹಾಡಿಯೊಂದರಿಂದ ಬರಬಹುದಾದ ಸುದ್ದಿ ಒಂಟಿ ಸುದ್ದಿಯೇ ಆಗಿರುತ್ತದೆ. ಅದಕ್ಕೆ ಎರಡನೆಯ ಸಾಕ್ಷಿಯನ್ನು ಕೇಳುತ್ತ ಕುಳಿತರೆ ನೀರು ಕಾಯುವುದಿಲ್ಲ. ವಿಚಾರಿಸದೆ ನಂಬಿದರೆ ದೋಣಿ ತಪ್ಪು ಊರಿಗೆ ಹೋಗುತ್ತದೆ. ಒಂಟಿ ದನಿಯನ್ನು ತಳ್ಳಿಹಾಕದೆ, ಕುರುಡಾಗಿ ನಂಬದೆ, ಮರಳಿ ಕರೆದು ವಿಚಾರಿಸುವ ಶಿಕ್ಷಣ ಆಪತ್ತಿನ ದಿನ ಬರುವಂಥದಲ್ಲ. ಅದು ಶಾಂತಿಯ ದಿನಗಳ ನಿತ್ಯಾಭ್ಯಾಸದಿಂದ ಬರಬೇಕು. ಹವ್ಯಾಸಿ ಬಾನುಲಿಯ ವರದಿಗಳು ಅಂಥ ಅಭ್ಯಾಸಕ್ಕೆ ದೊರೆತ ಪಾಠಶಾಲೆ.

ಹಾಗಾದರೆ ಶಾಲೆಯ ಕೇಂದ್ರ ಹೇಗಿರಬೇಕು? ಮೊದಲ ತಿಂಗಳು ವರದಿಗಳ ಪರದೆಯನ್ನು ಮುಚ್ಚಿಡುವುದು ಒಳಿತು. 7 ಮೆಗಾಹರ್ಟ್ಸ್‌ನ ಆಕಾಶತಂತಿಗೆ ಬೇಕಾದುದು ಸುಮಾರು 20 ಮೀಟರ್ ಉದ್ದದ ತಂತಿ ಮತ್ತು ಅಂಗಳದ ಎರಡು ತೆಂಗಿನ ಮರಗಳು. ವಿದ್ಯಾರ್ಥಿಯು ಗ್ರಾಹಕದ ಮುಂದೆ ಕುಳಿತು ತಾನು ಕೇಳಿದ್ದನ್ನು ದಿನಚರಿಯಲ್ಲಿ ಬರೆಯಲಿ. ಅಂತರರಾಷ್ಟ್ರೀಯ ಕಾಲಮಾನದ ಸೊನ್ನೆಯ ಗಂಟೆಯೆಂದರೆ ಇಲ್ಲಿ ಬೆಳಗಿನ 5 ಗಂಟೆ 30 ನಿಮಿಷವೆಂಬುದನ್ನೂ, ಸೂರ್ಯೋದಯದ ಆಚೀಚೆ ದೂರದ ದನಿಗಳು ಮೂಡಿ ಮರೆಯಾಗುವುದನ್ನೂ ಅವನು ಸ್ವತಃ ಕಾಣಲಿ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮೇಲಿನ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು. ಮುಂಗಾರಿನ ಮುನ್ನಿನ ಸಂಜೆಗಳಲ್ಲಿ ಆ ಸಿಡಿಲೇ ಗ್ರಾಹಕದಲ್ಲಿ ಚಟಚಟನೆ ಸಿಡಿಯುವಾಗ, ಎರಡು ಸಿಡಿತಗಳ ನಡುವಣ ಕ್ಷೀಣವಾದ ದನಿಯನ್ನು ಹಿಡಿಯಬಲ್ಲ ಕಿವಿ ಕೊಂಡು ತರುವ ಸಾಮಗ್ರಿಯಲ್ಲ.

ಆಮೇಲೆ ಪರದೆಯನ್ನು ತೆರೆಯಬಹುದು. ಆಗಲೂ ತರಂಗಪಟ್ಟಿ ಮತ್ತು ಸಮೀಪದ ವರದಿಗಾರರು ಎಂಬ ಎರಡು ಸಡಿಲವಾದ ಶೋಧಕಗಳು ಸಾಕು. ಸಂಖ್ಯೆಯ ಶೋಧಕವು ಒಂಟಿ ವರದಿಯನ್ನು ಅಳಿಸದೆ, ಬೇರೆಯಾಗಿ ಗುರುತಿಸಿ ಇಡಲಿ. ವಿದ್ಯಾರ್ಥಿ ಆ ಸ್ಥಾನಕ್ಕೆ ಗ್ರಾಹಕವನ್ನು ತಿರುಗಿಸಿ ಕಿವಿಯಿಂದಲೇ ತೀರ್ಮಾನಿಸಲಿ. ವಾರಕ್ಕೊಮ್ಮೆ ಶೋಧಕಗಳನ್ನೆಲ್ಲ ತೆಗೆದಿಟ್ಟು, ಉಳಿದ ದಿನಗಳಲ್ಲಿ ಕಳೆದುಹೋಗುತ್ತಿದ್ದುದು ಏನೆಂದು ಅಧ್ಯಾಪಕರೊಡನೆ ಪರಿಶೀಲಿಸಲಿ. ಶಾಲೆಯಿಂದ ಹೊರಡುವ ವರದಿಗೆ ನಿಯಮ ಒಂದೇ: ಪೂರ್ಣ ಕರೆಸಂಕೇತವನ್ನು ತಾನೇ ಎರಡು ಬಾರಿ ಕೇಳದ ಹೊರತು ಕಳಿಸಕೂಡದು, ತಪ್ಪಿದ್ದು ತಿಳಿದೊಡನೆ ತಿದ್ದುಪಡಿಯನ್ನು ಕಳಿಸಲು ಸಂಕೋಚಪಡಕೂಡದು. ಪರದೆಯ ಮೇಲೆ ಕಂಡ ಇನ್ನೊಬ್ಬನ ವರದಿಯನ್ನು ತನ್ನ ಹೆಸರಿನಲ್ಲಿ ಮರಳಿ ಕಳಿಸುವವನು ಸಾಕ್ಷಿಗಳ ಸಂಖ್ಯೆಯನ್ನು ಹೆಚ್ಚಿಸಿ ಸಾಕ್ಷ್ಯದ ಬೆಲೆಯನ್ನು ಇಳಿಸುತ್ತಾನೆ.

ದಾನಿಗಳಿಗೂ ಇದರಲ್ಲಿ ವಿಚಾರವುಂಟು. ದೊಡ್ಡ ಪರದೆಯ ಗಣಕವು ಉದ್ಘಾಟನೆಯ ದಿನ ಕಣ್ಣಿಗೆ ಒಪ್ಪುತ್ತದೆ. ಒಳ್ಳೆಯ ಗ್ರಾಹಕ, ತಂತಿ, ಸಿಡಿಲಿನ ರಕ್ಷಣೆ, ಮೋರ್ಸ್ ಕಲಿಸಬಲ್ಲ ಅಧ್ಯಾಪಕನ ತರಬೇತಿ ಇವು ಕಣ್ಣಿಗೆ ಬೀಳುವುದಿಲ್ಲ. ಆದರೂ ಮೊದಲ ಹಣ ಇವಕ್ಕೇ ಸಲ್ಲತಕ್ಕದ್ದು. ಹೊರದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಸಿದ್ಧ ಶೋಧಕಗಳನ್ನು ಹಾಗೆಯೇ ಇಲ್ಲಿಗೆ ತಂದಿರಿಸುವುದಕ್ಕಿಂತ, ತಮ್ಮ ಊರಿನ ಶಾಲೆಯ ದನಿ ಅಲ್ಲಿ ಹೇಗೆ ಕೇಳಿಸಿತೆಂದು ಬರೆದು ತಿಳಿಸಿದರೆ ಅದೇ ದೊಡ್ಡ ಕಾಣಿಕೆ. ಸಾಕ್ಷಿಗಳು ವಿರಳವಾದ ನಾಡಿಗೆ ಬೇಕಾದುದು ಇನ್ನೂ ಬಿಗಿಯಾದ ಜರಡಿಯಲ್ಲ, ಇನ್ನೊಬ್ಬ ನಂಬಲರ್ಹ ಸಾಕ್ಷಿ.

ಶರಣರ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗೆ ಈ ತತ್ತ್ವ ಹೊಸದಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಮಾತಿಗೆ ಬೆಲೆ ಬಂದದ್ದು ಆಡಿದವರ ಅಂತಸ್ತಿನಿಂದಲ್ಲ, ಸಂಖ್ಯೆಯಿಂದಲೂ ಅಲ್ಲ. ಆ ಮಾತಿನ ಹಿಂದೆ ಆಡಿದವರ ಸ್ವಂತ ಅನುಭವವಿತ್ತೆಂಬುದರಿಂದ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ತಮ್ಮದಲ್ಲದ ಕಾಳನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ಮನೆಮನೆಯಲ್ಲಿ ಪ್ರಸಿದ್ಧ. ತಾನು ಕೇಳಿದ್ದನ್ನು ಮಾತ್ರ ತನ್ನದೆಂದು ಕಳಿಸುವ, ಕೇಳದ್ದನ್ನು ಮರಳಿ ಸುರಿಯುವ ಬಾಲಕನೊಬ್ಬ ಹುಣಸೂರಿನಿಂದಲೋ ಹೆಗ್ಗಡದೇವನಕೋಟೆಯಿಂದಲೋ ಮೂಡಿಬಂದರೆ, ಜಗತ್ತಿನ ಯಾವ ಜರಡಿಯೂ ಅವನ ಒಂಟಿ ವರದಿಯನ್ನು ಬಹುಕಾಲ ತಳ್ಳಿಹಾಕಲಾರದು.